ಮರದ ಕೆಳಗಿನ ಪುಟ್ಟ ರೈಲು ಎಲ್ಲಿಯವರೆಗೆ ಹೋಗುತ್ತದೆ?

ಡಿಸೆಂಬರ್ ಬಂತೆಂದರೆ ಅಮೆರಿಕದ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ ಮರದ ಸುತ್ತ ಒಂದು ಪುಟ್ಟ ರೈಲು ಓಡಲು ಶುರುವಾಗುತ್ತದೆ. ನಮ್ಮಲ್ಲಿ ನವರಾತ್ರಿಗೆ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸುತ್ತೇವಲ್ಲ, ಅವರು ರೈಲಿನ ಪೆಟ್ಟಿಗೆ ಇಳಿಸುತ್ತಾರೆ. ಅಜ್ಜನ ಕಾಲದ ಇಂಜಿನ್ನು, ಅಪ್ಪ ಸೇರಿಸಿದ ಎರಡು ಬೋಗಿ, ಈ ವರ್ಷ ಮೊಮ್ಮಗನಿಗೆ ಕೊಡಿಸಿದ ಒಂದು ಗೂಡ್ಸ್ ಡಬ್ಬಿ. ನಾವಿರುವುದು ಮ್ಯಾಸಚೂಸೆಟ್ಸ್‌ನಲ್ಲಿ. ನಾಲ್ಕು ವರ್ಷದ ಹಿಂದೆ ಪಕ್ಕದ ಮನೆಯಲ್ಲಿ ಇದನ್ನು ನೋಡಿ ಬಂದ ನಮ್ಮ ಮಗ ಮೂರು ದಿನ ಬೇರೆ ಮಾತೇ ಆಡಲಿಲ್ಲ.

ಸರಿ, ಒಂದು ಕೊಡಿಸೋಣ ಅಂತ ಹೊರಟೆ. ಅಂಗಡಿಯಲ್ಲಿ ಒಂದು ಪೆಟ್ಟಿಗೆ ಮೇಲೆ ಎಚ್‌ಒ ಅಂತಿದೆ, ಇನ್ನೊಂದರ ಮೇಲೆ ಎನ್, ಮತ್ತೊಂದರ ಮೇಲೆ ಬರೀ ಓ. ಒಂದಕ್ಕೆ ಎರಡು ಹಳಿ, ಒಂದಕ್ಕೆ ಮೂರು. ಡಿಸಿ ಬೇಕಾ, ಡಿಸಿಸಿ ಬೇಕಾ ಅಂತ ಅಂಗಡಿಯವರು ಕೇಳಿದರು. ಓದಿದ ಎಂಜಿನಿಯರಿಂಗೆಲ್ಲ ಎಲ್ಲಿ ಹೋಯಿತೋ, ಸುಮ್ನೆ ನಿಂತೆ. ಈಚೆಗೆ ನಮ್ಮ ಕನ್ನಡ ಕೂಟದ ಒಂದಿಬ್ಬರು ಇದೇ ಗೊಂದಲ ಹಿಡಿದು ಫೋನ್ ಮಾಡಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮುಖ್ಯ ಮಾತು ಇಷ್ಟೇ: ಮೊದಲ ಪೆಟ್ಟಿಗೆ ಕೊಂಡ ದಿನವೇ ಮುಂದೆ ಏನೇನು ಕೊಳ್ಳಬಹುದು ಅನ್ನುವುದು ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಹಾಗಾಗಿ ಮೊದಲು ನೋಡಿ, ಆಮೇಲೆ ಕೊಳ್ಳಿ.

ಆಟಿಕೆಯಾ, ಮಾಡೆಲ್ಲಾ?

ಕಬ್ಬನ್ ಪಾರ್ಕಿನ ಪುಟಾಣಿ ಎಕ್ಸ್‌ಪ್ರೆಸ್ಸನ್ನು ನಾವು ಟಾಯ್ ಟ್ರೈನ್ ಅನ್ನುತ್ತೇವೆ. ಊಟಿಯ ರೈಲಿಗೂ ಅದೇ ಹೆಸರು. ಆದರೆ ಅವೆರಡರಲ್ಲೂ ನಾವು ಕೂರಬಹುದು. ನಾನು ಹೇಳುತ್ತಿರುವುದು ಅಂಗೈಯಲ್ಲಿ ಹಿಡಿಯುವ ರೈಲು. ಇದರಲ್ಲೂ ಎರಡು ಬಗೆ. ಆಟಿಕೆ ರೈಲು ಅಂದರೆ ನೋಡಲು ರೈಲಿನ ಹಾಗಿದ್ದರೆ ಸಾಕು. ಚಕ್ರ ದೊಡ್ಡದಿರಲಿ, ಬಣ್ಣ ಗಾಢವಿರಲಿ, ಯಾರೂ ಕೇಳುವುದಿಲ್ಲ. ಮಾಡೆಲ್ ರೈಲಿನಲ್ಲಿ ಹಾಗಲ್ಲ. ನಿಜವಾದ ಒಂದು ಇಂಜಿನ್ನನ್ನು ಎದುರಿಗಿಟ್ಟುಕೊಂಡು, ಅದರ ಪ್ರತಿ ಅಳತೆಯನ್ನೂ ಒಂದೇ ಲೆಕ್ಕದಲ್ಲಿ ಕುಗ್ಗಿಸಿ ಮಾಡಿರುತ್ತಾರೆ. ಏಣಿ, ಕೈಹಿಡಿ, ಹಾರ್ನ್, ಕೊನೆಗೆ ಡಬ್ಬಿಯ ಪಕ್ಕದ ನಂಬರೂ ಸೇರಿ.

ಎರಡೂ ಹುಟ್ಟಿದ್ದು ಒಂದೇ ಮನೆಯಲ್ಲಿ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1859ರಲ್ಲಿ ಶುರುವಾದಾಗ ಗೊಂಬೆಮನೆಯ ತಗಡಿನ ಸಾಮಾನು ಮಾಡುತ್ತಿತ್ತು. ಅದೇ ಕಂಪನಿ 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಒಂದು ಜಾಣ ಕೆಲಸ ಮಾಡಿತು: ಹಳಿಗಳ ಅಗಲಕ್ಕೆ ನಂಬರ್ ಕೊಟ್ಟು, ಈ ವರ್ಷ ಕೊಂಡ ರೈಲಿಗೆ ಮುಂದಿನ ವರ್ಷ ಕೊಂಡ ಹಳಿ ಸರಿಯಾಗಿ ಕೂರುವ ಹಾಗೆ ಮಾಡಿತು. ಪ್ರತಿ ಹಬ್ಬಕ್ಕೂ ಒಂದೊಂದು ತುಂಡು ಸೇರಿಸಿಕೊಂಡು ಹೋಗುವ ಚಟ ಅಲ್ಲಿಂದಲೇ ಹತ್ತಿದ್ದು.

ಅಮೆರಿಕದಲ್ಲಿ ಆ ಕೆಲಸ ಮಾಡಿದ್ದು ಲಯನೆಲ್. ಜೋಶುವಾ ಲಯನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ಕಂಪನಿ. ಅಂಗಡಿಯ ಗಾಜಿನ ಕಿಟಕಿಯಲ್ಲಿ ಸಾಮಾನು ಹೊತ್ತು ಸುತ್ತಲಿ, ಜನ ನಿಂತು ನೋಡಲಿ ಅಂತ ಕೋವೆನ್ ಒಂದು ಕರೆಂಟಿನ ಗಾಡಿ ಮಾಡಿಕೊಟ್ಟರಂತೆ. ಜನ ನಿಂತು ನೋಡಿದರು ನಿಜ, ಆದರೆ ಒಳಗೆ ಬಂದು ಸಾಮಾನು ಬಿಟ್ಟು ಆ ಗಾಡಿಯನ್ನೇ ಕೇಳಿದರು ಅಂತ ಕಥೆ. 1950ರ ದಶಕದ ಶುರುವಿನಲ್ಲಿ ಲಯನೆಲ್ ದೊಡ್ಡ ಆಟಿಕೆ ಕಂಪನಿಗಳ ಸಾಲಿನಲ್ಲಿ ಮುಂದೆ ನಿಂತಿತ್ತು.

ಮಾಡೆಲ್ ಕಟ್ಟುವವರಿಗೆ ಬೇರೊಂದು ತಲೆನೋವಿತ್ತು. ಒಂದು ಕಂಪನಿಯ ಚಕ್ರ ಇನ್ನೊಂದು ಕಂಪನಿಯ ಹಳಿಯ ಮೇಲೆ ಕೂರುತ್ತಿರಲಿಲ್ಲ. ಅದಕ್ಕೇ 1935ರಲ್ಲಿ ಮಿಲ್ವಾಕಿ ಊರಿನಲ್ಲಿ ಎನ್‌ಎಂಆರ್‌ಎ ಅನ್ನುವ ಸಂಘ ಕಟ್ಟಿಕೊಂಡು, ಹಳಿ ಇಷ್ಟು ಅಗಲ, ಚಕ್ರದ ಅಂಚು ಇಷ್ಟು ಎತ್ತರ ಅಂತ ನಿಯಮ ಬರೆದರು. ಅವರ ಒಂದು ಪುಟ್ಟ ತಗಡಿನ ಅಳತೆಪಟ್ಟಿ ಇದೆ, ಬಿಸ್ಕೆಟ್ಟಿನಷ್ಟು ದೊಡ್ಡದು. ರೈಲು ಹಳಿ ತಪ್ಪಿದರೆ ಮೊದಲು ಅದನ್ನು ಹಿಡಿದು ನೋಡುವುದು.

ಸ್ಕೇಲ್ ಬೇರೆ, ಗೇಜ್ ಬೇರೆ

ಇಲ್ಲೇ ಎಲ್ಲರೂ ಎಡವುವುದು. ಸ್ಕೇಲ್ ಅಂದರೆ ನಿಜವಾದ ವಸ್ತುವನ್ನು ಎಷ್ಟು ಪಟ್ಟು ಕುಗ್ಗಿಸಿದ್ದಾರೆ ಅನ್ನುವ ಲೆಕ್ಕ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಗಲ, ನಾವು ಬ್ರಾಡ್‌ಗೇಜ್, ಮೀಟರ್‌ಗೇಜ್ ಅನ್ನುತ್ತೇವಲ್ಲ ಅದೇ.

ಜಗತ್ತಿನಲ್ಲಿ ಜಾಸ್ತಿ ಜನ ಆಡುವುದು ಎಚ್‌ಒ. ಅದು 1:87, ಅಂದರೆ 87ರಲ್ಲಿ ಒಂದು ಪಾಲು. ಐದಡಿ ಎಂಟು ಇಂಚಿನ ಮನುಷ್ಯ ಎಚ್‌ಒದಲ್ಲಿ ಎರಡು ಸೆಂಟಿಮೀಟರ್ ಇರುತ್ತಾನೆ, ಹೆಚ್ಚುಕಡಿಮೆ ಒಂದು ಕಡಲೆಬೀಜದಷ್ಟು. ಅಮೆರಿಕದ ಸುಮಾರು 21 ಮೀಟರ್ ಉದ್ದದ ಡೀಸೆಲ್ ಇಂಜಿನ್ ಅಲ್ಲಿ 24 ಸೆಂಟಿಮೀಟರ್. ಎನ್ ಸ್ಕೇಲ್ ಅದಕ್ಕಿಂತ ಚಿಕ್ಕದು, 1:160. ಅದೇ ಇಂಜಿನ್ 13 ಸೆಂಟಿಮೀಟರಿಗೆ ಇಳಿಯುತ್ತದೆ. ಇನ್ನೂ ಚಿಕ್ಕದು ಬೇಕೆಂದರೆ ಮಾರ್ಕ್ಲಿನ್ 1972ರಲ್ಲಿ ತಂದ ಝಡ್ ಇದೆ, 1:220, ಇಡೀ ಊರು ಒಂದು ಸೂಟ್‌ಕೇಸಿನಲ್ಲಿ ಹಿಡಿಸುತ್ತದೆ. ಲಯನೆಲ್‌ನವರದ್ದು ಓ, ಅಮೆರಿಕದಲ್ಲಿ 1:48. ತೋಟದಲ್ಲಿ ಬಿಸಿಲು ಮಳೆಗೆ ಓಡುವ ದೊಡ್ಡ ರೈಲುಗಳದ್ದು ಜಿ.

ಹೆಸರು ಯಾಕೆ ಇಷ್ಟು ವಿಚಿತ್ರ? ಮಾರ್ಕ್ಲಿನ್ ಕೊಟ್ಟ ನಂಬರ್‌ಗಳಲ್ಲಿ ಚಿಕ್ಕದು 1. ಅದಕ್ಕಿಂತ ಚಿಕ್ಕದು ಬಂದಾಗ ಸೊನ್ನೆ ಅಂದರು. ಆ ಸೊನ್ನೆಯೇ ಜನರ ಬಾಯಲ್ಲಿ ಓ ಅಕ್ಷರ ಆಯಿತು. ಅದರ ಅರ್ಧದಷ್ಟು ಬಂದಾಗ ಹಾಫ್ ಓ, ಅದೇ ಎಚ್‌ಒ. ಜರ್ಮನ್ನರು ಇವತ್ತಿಗೂ ಅದನ್ನು ಸೊನ್ನೆ ಹಾಕಿಯೇ ಬರೆಯುತ್ತಾರೆ.

ಈಗ ಗೇಜಿಗೆ ಬನ್ನಿ. ಅಮೆರಿಕ, ಯೂರೋಪಿನ ಹೆಚ್ಚಿನ ಹಳಿಗಳ ಅಗಲ 1435 ಮಿಲಿಮೀಟರ್. 87ರಿಂದ ಭಾಗಿಸಿ: 16.5. ಎಚ್‌ಒ ಹಳಿಯ ಅಗಲ ಅದೇ. ಲೆಕ್ಕ ಚೊಕ್ಕ. ಆದರೆ ಬ್ರಿಟನ್ನಿನಲ್ಲಿ ನಿಜವಾದ ಇಂಜಿನ್‌ಗಳು ಸಣ್ಣವು. ಆ ಕಾಲದ ಮೋಟಾರು 1:87ರ ಬ್ರಿಟಿಷ್ ಇಂಜಿನ್ನಿನ ಹೊಟ್ಟೆಯೊಳಗೆ ಹಿಡಿಸಲಿಲ್ಲ. ಏನು ಮಾಡಿದರು? ಇಂಜಿನ್ನನ್ನು 1:76ಕ್ಕೆ ದೊಡ್ಡದು ಮಾಡಿ, ಹಳಿಯನ್ನು ಮಾತ್ರ ಎಚ್‌ಒದ್ದೇ ಇಟ್ಟುಕೊಂಡರು. ಅದಕ್ಕೆ ಓಓ ಅಂತ ಹೆಸರು. ಅಣ್ಣನ ಅಂಗಿ, ತಮ್ಮನ ಚಪ್ಪಲಿ! ಹಾಗಾಗಿ ಲಂಡನ್ನಿನಿಂದ ಭಾವ ತಂದುಕೊಟ್ಟ ಬ್ರಿಟಿಷ್ ರೈಲು ನಿಮ್ಮ ಅಮೆರಿಕದ ಎಚ್‌ಒ ಹಳಿಯ ಮೇಲೆ ಓಡುತ್ತದೆ, ಆದರೆ ಪಕ್ಕದಲ್ಲಿ ನಿಂತರೆ ಯಾಕೋ ದಪ್ಪ ಕಾಣುತ್ತದೆ.

ಯಾವುದನ್ನು ಆರಿಸಬೇಕು? ಪುಟ್ಟ ಮಕ್ಕಳು ಕೈ ಹಾಕುವ ಮನೆಯಲ್ಲಿ ಓ ಒಳ್ಳೆಯದು, ಬಿದ್ದರೂ ತಡೆಯುತ್ತದೆ. ಜಾಗ ಕಡಿಮೆ ಇದ್ದರೆ ಎನ್. ಸಾಮಾನು ಹೇರಳವಾಗಿ, ಸೆಕೆಂಡ್‌ಹ್ಯಾಂಡೂ ಸಿಗಬೇಕೆಂದರೆ ಎಚ್‌ಒ. ಎರಡೆರಡು ಸ್ಕೇಲ್ ಬೆರೆಸಲು ಹೋಗಬೇಡಿ, ಒಂದರ ಬೋಗಿ ಇನ್ನೊಂದರ ಹಿಂದೆ ಹೋಗುವುದಿಲ್ಲ.

ಹಳಿಯಲ್ಲಿ ಕರೆಂಟು

ಈ ರೈಲುಗಳ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಕರೆಂಟು ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಹೆದರಬೇಡಿ, ಎಚ್‌ಒದಲ್ಲಿ ಇದು 12 ವೋಲ್ಟ್ ಆಸುಪಾಸು, ಮುಟ್ಟಿದರೆ ಏನೂ ಆಗುವುದಿಲ್ಲ.

ಹಳೆಯ ಪದ್ಧತಿ ಡಿಸಿ. ಇದು ಫ್ಯಾನಿನ ರೆಗ್ಯುಲೇಟರ್ ಇದ್ದ ಹಾಗೆ. ಗುಂಡಿ ತಿರುಗಿಸಿದರೆ ಹಳಿಯಲ್ಲಿ ಕರೆಂಟು ಏರುತ್ತದೆ, ರೈಲು ಜೋರಾಗಿ ಓಡುತ್ತದೆ. ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಹಿಂದಕ್ಕೆ. ತೊಂದರೆ ಏನೆಂದರೆ ಹಳಿಯ ಮೇಲೆ ಎರಡು ಇಂಜಿನ್ ಇದ್ದರೆ ಎರಡೂ ಒಟ್ಟಿಗೆ ಹೊರಡುತ್ತವೆ. ಒಂದೇ ರೆಗ್ಯುಲೇಟರಿಗೆ ಮನೆಯ ಎಲ್ಲ ಫ್ಯಾನ್ ಕಟ್ಟಿದ ಹಾಗೆ. ಹೀಗಾಗಿ ಹಿಂದೆ ಹಳಿಯನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ಒಂದು ಸ್ವಿಚ್ ಇಡುತ್ತಿದ್ದರು. ನಮ್ಮ ಮ್ಯಾಸಚೂಸೆಟ್ಸ್‌ನ ಎಂಐಟಿ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ಶುರುವಾದ ಮಾಡೆಲ್ ರೈಲು ಕ್ಲಬ್ಬಿನ ಹುಡುಗರು ಹಲಗೆಯ ಅಡಿಯಲ್ಲಿ ಈ ತಂತಿ, ಸ್ವಿಚ್ಚುಗಳ ಕಾಡನ್ನೇ ಕಟ್ಟಿದರು. ಚುರುಕಾದ ಒಂದು ಜೋಡಣೆಗೆ ಅವರು ‘ಹ್ಯಾಕ್’ ಅನ್ನುತ್ತಿದ್ದರು. ಅವರೇ ಆಮೇಲೆ ಕಂಪ್ಯೂಟರ್ ಕೋಣೆಗೆ ನುಗ್ಗಿದಾಗ ಆ ಮಾತೂ ಜೊತೆಗೆ ಹೋಯಿತು. ನಮ್ಮ ಬೆಂಗಳೂರಿನ ಕಂಪನಿಗಳ ಹ್ಯಾಕಥಾನ್‌ಗಳ ಬೇರು ಹೀಗೆ ಒಂದು ಆಟದ ರೈಲಿನ ಹಲಗೆಯ ಅಡಿಯಲ್ಲಿದೆ.

ಹೊಸ ಪದ್ಧತಿ ಡಿಸಿಸಿ. ಎನ್‌ಎಂಆರ್‌ಎ 1990ರ ದಶಕದಲ್ಲಿ ಜರ್ಮನಿಯ ಲೆನ್ಸ್ ಕಂಪನಿಯ ಪದ್ಧತಿಯನ್ನು ಆಧಾರವಾಗಿ ಇಟ್ಟುಕೊಂಡು ಇದಕ್ಕೆ ನಿಯಮ ಬರೆಯಿತು. ಇದರಲ್ಲಿ ಹಳಿಯ ಕರೆಂಟು ಯಾವಾಗಲೂ ಪೂರ್ತಿ ಇರುತ್ತದೆ, ಅದರ ಜೊತೆಗೆ ಸಂದೇಶವೂ ಹೋಗುತ್ತದೆ. ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲಿ ಡಿಕೋಡರ್ ಅನ್ನುವ ಒಂದು ಚಿಪ್ಪು, ಅದಕ್ಕೊಂದು ನಂಬರ್. ಕ್ಲಾಸಿನಲ್ಲಿ ಮೇಷ್ಟ್ರು ಹಾಜರಿ ಕರೆದಂತೆ. ಎಲ್ಲರಿಗೂ ಕೇಳಿಸುತ್ತದೆ, ಯಾರ ನಂಬರೋ ಅವರು ಮಾತ್ರ ಏಳುತ್ತಾರೆ. “4012, ನಿಧಾನ ಮುಂದೆ ಹೋಗು, ಹಾರ್ನ್ ಹೊಡಿ” ಅಂದರೆ 4012 ಮಾತ್ರ ಹೊರಡುತ್ತದೆ. ಹೊಸ ಇಂಜಿನ್‌ಗಳೆಲ್ಲ ಸಾಮಾನ್ಯವಾಗಿ 3 ಅನ್ನುವ ನಂಬರಿನಲ್ಲೇ ಬರುತ್ತವೆ. ಬದಲಾಯಿಸದೆ ಎರಡು ಹೊಸ ಇಂಜಿನ್ ಹಳಿಗೆ ಇಟ್ಟರೆ ಇಬ್ಬರೂ “ಹಾಜರ್ ಸಾರ್” ಅಂತ ಒಟ್ಟಿಗೆ ಏಳುತ್ತಾರೆ. ನಾನೂ ಒಂದು ಸಂಜೆ ಪೂರ್ತಿ ಹಾಳು ಮಾಡಿದ್ದು ಇದಕ್ಕೇ.

ಇನ್ನು ಲಯನೆಲ್‌ನ ಮೂರನೇ ಹಳಿ. ಎರಡು ಹಳಿಯ ರೈಲು ಒಂದು ಕುಣಿಕೆಯ ಆಕಾರದ ಹಳಿಯಲ್ಲಿ ಸುತ್ತಿ ಬಂದ ದಾರಿಗೇ ವಾಪಸ್ ಸೇರಿತು ಅನ್ನಿ. ಈಗ ಎಡದ ಹಳಿ ಬಂದು ಬಲದ ಹಳಿಗೆ ತಾಗುತ್ತದೆ. ಪ್ಲಸ್ಸು ಮೈನಸ್ಸು ಮುಟ್ಟಿದರೆ ಶಾರ್ಟ್. ಮೂರು ಹಳಿ ಇದ್ದರೆ ಈ ರಗಳೆ ಇಲ್ಲ. ನಡುವಿನದು ಒಂದು ತುದಿ, ಹೊರಗಿನ ಎರಡೂ ಸೇರಿ ಇನ್ನೊಂದು ತುದಿ. ಹೇಗೆ ತಿರುಗಿಸಿದರೂ ನಡುವಿನದು ನಡುವೆಯೇ ಇರುತ್ತದೆ. ಮಕ್ಕಳು ಮನಸ್ಸಿಗೆ ಬಂದ ಹಾಗೆ ಹಳಿ ಜೋಡಿಸಲಿ ಅಂತ ಮಾಡಿದ ಉಪಾಯ ಇದು. ನಮ್ಮ ಮೆಟ್ರೋಗೂ ಮೂರನೇ ಹಳಿಯಿಂದಲೇ ಕರೆಂಟು, ಆದರೆ ಅದು ಪಕ್ಕದಲ್ಲಿರುತ್ತದೆ, ಮತ್ತೆ ಅದು 750 ವೋಲ್ಟ್. ಅದನ್ನು ಮುಟ್ಟುವ ಮಾತೇ ಇಲ್ಲ.

ಶೋ ಅಂದರೆ ಜಾತ್ರೆ

ಇದೆಲ್ಲ ಓದಿ ಅರ್ಥವಾಗದಿದ್ದರೆ ಚಿಂತೆಯಿಲ್ಲ, ಒಂದು ಶೋಗೆ ಹೋದರೆ ಅರ್ಧ ದಿನದಲ್ಲಿ ಅರ್ಥವಾಗುತ್ತದೆ. ಚಳಿಗಾಲವೇ ಇದರ ಸೀಸನ್, ಹೊರಗೆ ಹಿಮ, ಜನಕ್ಕೆ ಬೇರೆ ಕೆಲಸ ಇಲ್ಲ. ನಮಗೆ ಹತ್ತಿರದ ದೊಡ್ಡದು ಆಮ್‌ಹರ್ಸ್ಟ್ ರೈಲ್ವೆ ಸೊಸೈಟಿಯ ಶೋ. ಜನವರಿ ಕೊನೆಯಲ್ಲಿ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನ ವಸ್ತುಪ್ರದರ್ಶನ ಮೈದಾನದಲ್ಲಿ, ಒಂದಲ್ಲ ಎರಡಲ್ಲ, ನಾಲ್ಕು ಕಟ್ಟಡಗಳ ತುಂಬ ನಡೆಯುತ್ತದೆ. ಮೈಸೂರು ದಸರಾ ವಸ್ತುಪ್ರದರ್ಶನವನ್ನು ಬರೀ ರೈಲಿಗೆ ಬಿಟ್ಟುಕೊಟ್ಟರೆ ಹೇಗೋ ಹಾಗೆ.

ಅಲ್ಲಿ ಮೂರು ಥರದ ಮೇಜುಗಳಿರುತ್ತವೆ. ಹೊಸ ಮಾಲು ತೋರಿಸುವ ಕಂಪನಿಗಳದ್ದು, ಹಳೆಯ ಮಾಲು ಮಾರುವವರದ್ದು, ಮತ್ತೆ ಕ್ಲಬ್ಬುಗಳ ಓಡುವ ರೈಲುಗಳದ್ದು. ಮೂರನೆಯದೇ ನನಗೆ ಇಷ್ಟ. ಒಂದು ಕ್ಲಬ್ಬಿನ ಹತ್ತಿಪ್ಪತ್ತು ಜನ ತಮ್ಮ ತಮ್ಮ ಮನೆಯಲ್ಲಿ ನಾಲ್ಕಡಿ ಉದ್ದ, ಎರಡಡಿ ಅಗಲದ ಒಂದೊಂದು ಹಲಗೆ ಕಟ್ಟಿಕೊಂಡು ಬರುತ್ತಾರೆ. ಅದಕ್ಕೆ ಮಾಡ್ಯೂಲ್ ಅನ್ನುತ್ತಾರೆ. ಒಬ್ಬರದರಲ್ಲಿ ಬಂದರು, ಒಬ್ಬರದರಲ್ಲಿ ಜೋಳದ ಹೊಲ, ಇನ್ನೊಬ್ಬರದರಲ್ಲಿ ಉರಿಯುತ್ತಿರುವ ಮನೆ ಮತ್ತು ಫೈರ್ ಎಂಜಿನ್. ಆದರೆ ಹಲಗೆಯ ಎರಡೂ ತುದಿಯಲ್ಲಿ ಹಳಿ ಎಲ್ಲಿರಬೇಕು, ತಂತಿ ಹೇಗಿರಬೇಕು ಅನ್ನುವುದು ನಿಯಮದ ಪ್ರಕಾರ. ಬೆಳಗ್ಗೆ ತಂದು ಜೋಡಿಸಿದರೆ ಮಧ್ಯಾಹ್ನಕ್ಕೆ ಒಂದು ದೊಡ್ಡ ರೈಲ್ವೆ ತಯಾರು. ಕನ್ನಡ ಕೂಟದ ಪಾಟ್‌ಲಕ್ ಊಟದ ಹಾಗೆ. ಯಾರೂ ಇಡೀ ಅಡಿಗೆ ಮಾಡುವುದಿಲ್ಲ, ಆದರೂ ಎಲೆ ತುಂಬುತ್ತದೆ. ಎನ್ ಸ್ಕೇಲಿನಲ್ಲಿ ಈ ಪದ್ಧತಿ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎನ್‌ಟ್ರ್ಯಾಕ್ ಅನ್ನುವ ಹೆಸರಿನಲ್ಲಿ ಬೆಳೆಯಿತು. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಟಿ-ಟ್ರ್ಯಾಕ್ ಅಂತ ಇನ್ನೂ ಚಿಕ್ಕದಿದೆ, ಒಂದಡಿ ಅಗಲದ ಪೆಟ್ಟಿಗೆ, ಊಟದ ಮೇಜಿನ ಮೇಲೇ ಜೋಡಿಸಬಹುದು.

ನಡೆಸುವವರನ್ನು ಮಾತಾಡಿಸಿ. ಮುಟ್ಟಬೇಡಿ, ಕೇಳಿ. ನೀಲಿ ಅಂಗಿ ಹಾಕಿಕೊಂಡು ಗಂಭೀರವಾಗಿ ನಿಂತಿರುವ ಅಜ್ಜಂದಿರು ಒಂದು ಪ್ರಶ್ನೆ ಕೇಳಿದರೆ ಸಾಕು, ಕಾಲು ಗಂಟೆ ಬಿಡುವುದಿಲ್ಲ. ಎಷ್ಟೋ ಸಲ ಮಗುವಿನ ಕೈಗೆ ಕಂಟ್ರೋಲರನ್ನೇ ಕೊಟ್ಟುಬಿಡುತ್ತಾರೆ.

ಹಳೆಯ ಮಾಲಿನ ಮೇಜಿನ ಹತ್ತಿರ ಮಾತ್ರ ಹುಷಾರು. ಮೊದಲ ಶೋನಲ್ಲಿ ನಾನು ಒಂದು ಎಚ್‌ಒ ಡೀಸೆಲ್ ಇಂಜಿನ್ 40 ಡಾಲರಿಗೆ ಹಿಡಿದೆ. ಬಣ್ಣ ಚೆನ್ನಾಗಿತ್ತು, ಪೆಟ್ಟಿಗೆಯೂ ಇತ್ತು, ಒಳ್ಳೆ ವ್ಯಾಪಾರ ಅಂದುಕೊಂಡೆ. ಮನೆಗೆ ತಂದು ಹಳಿಗಿಟ್ಟರೆ ಓಡುತ್ತದೆ, ಆದರೆ ಕುಂಟುತ್ತದೆ. ಟಕ್… ಟಕ್… ಟಕ್… ಚಕ್ರ ಒಂದು ಸುತ್ತು ಬಂದಾಗಲೆಲ್ಲ ಒಂದು ಎಗರು. ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿದೆ. ಕಬ್ಬಿಣದ ಅಚ್ಚಿನ ಮೇಲೆ ಬಿಗಿಯಾಗಿ ಕೂರಿಸಿದ ಪ್ಲಾಸ್ಟಿಕ್ ಗೇರು ವರ್ಷಗಳಲ್ಲಿ ಕುಗ್ಗಿ, ಕೂದಲೆಳೆಯಷ್ಟು ಸೀಳಿತ್ತು. ಸೀಳಿದ ಜಾಗದಲ್ಲಿ ಎರಡು ಹಲ್ಲುಗಳ ನಡುವಿನ ಅಂತರ ಜಾಸ್ತಿಯಾಗಿ, ಪಕ್ಕದ ಗೇರಿನ ಹಲ್ಲು ಅಲ್ಲಿ ಕೂರದೆ ಎಗರುತ್ತಿತ್ತು. ಹಳೆಯ ಇಂಜಿನ್‌ಗಳಲ್ಲಿ ಇದು ಮಾಮೂಲಿ ರೋಗವಂತೆ. ಕೆಲವೇ ಡಾಲರಿನ ಹೊಸ ಗೇರು ಹಾಕಿದ ಮೇಲೆ ಬೆಣ್ಣೆಯ ಹಾಗೆ ಓಡಿತು. ತಮಾಷೆ ಎಂದರೆ ನಾನು ಕೊಂಡ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲೇ, ಯಾರು ಬೇಕಾದರೂ ಇಂಜಿನ್ ಓಡಿಸಿ ನೋಡಲಿ ಅಂತ ಟೆಸ್ಟ್ ಟ್ರ್ಯಾಕ್ ಹಾಕಿಟ್ಟಿದ್ದರು.

ಲೇಔಟ್ ಅಂದರೆ ಸೈಟಲ್ಲ

ಬೆಂಗಳೂರಿನವರಿಗೆ ಲೇಔಟ್ ಅಂದರೆ ಸೈಟು ನೆನಪಾಗುತ್ತದೆ. ಇಲ್ಲಿ ಲೇಔಟ್ ಅಂದರೆ ಹಳಿ, ಗುಡ್ಡ, ಊರು, ನದಿ ಎಲ್ಲ ಸೇರಿದ ಪುಟ್ಟ ಜಗತ್ತು. ದಸರಾ ಗೊಂಬೆಯ ಪಕ್ಕದಲ್ಲಿ ರಾಗಿ ಮೊಳಕೆ ಹಾಕಿ, ಕನ್ನಡಿಯ ಕೆರೆ ಇಟ್ಟು ಪಾರ್ಕ್ ಮಾಡಿದ ನಮ್ಮ ಅಕ್ಕಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ರೈಲು ಸೇರಿಸಿ, ಒಂಬತ್ತು ದಿನಕ್ಕೆ ಎತ್ತಿಡದೆ ಬಿಟ್ಟರೆ ಲೇಔಟ್.

ಇದರ ಕಷ್ಟವೆಲ್ಲ ಜಾಗದ್ದು. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 139 ಕಿಲೋಮೀಟರ್. ಎಚ್‌ಒದಲ್ಲಿ ಅದನ್ನು ಇದ್ದ ಹಾಗೇ ಮಾಡಲು 1.6 ಕಿಲೋಮೀಟರ್ ಹಳಿ ಬೇಕು. ತಿರುವಿನ ಕಥೆಯೂ ಅಷ್ಟೇ. ನಮ್ಮ ಬ್ರಾಡ್‌ಗೇಜಿನಲ್ಲಿ ಅತಿ ಕಡಿದಾದ ತಿರುವು ಅಂದರೆ 175 ಮೀಟರ್ ತ್ರಿಜ್ಯ. ಎಚ್‌ಒದಲ್ಲಿ ಎರಡು ಮೀಟರ್, ಅಂದರೆ ರೈಲು ಪೂರ್ತಿ ಹಿಂದಕ್ಕೆ ತಿರುಗಲು ನಾಲ್ಕು ಮೀಟರ್ ಅಗಲದ ಕೋಣೆ. ಯಾರ ಮನೆಯಲ್ಲಿದೆ? ಹಾಗಾಗಿ ಅಂಗಡಿಯ ಸೆಟ್ಟುಗಳಲ್ಲಿ 18 ಇಂಚಿನ ತಿರುವು ಕೊಡುತ್ತಾರೆ, ನಾಲ್ಕು-ಎಂಟಡಿಯ ಒಂದು ಪ್ಲೈವುಡ್ ಹಲಗೆಯ ಮೇಲೆ ಹಿಡಿಸಲಿ ಅಂತ. ಉದ್ದ ಬೋಗಿಗಳು ಅದರಲ್ಲಿ ತಿರುಗುವಾಗ ಸೊಂಟ ಹೊರಗೆ ಹಾಕಿಕೊಂಡ ಹಾಗೆ ಕಾಣುತ್ತವೆ.

ಏರು ಇನ್ನೊಂದು ಲೆಕ್ಕ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ ಹಳಿ 50 ಅಡಿಗೆ ಒಂದಡಿ ಇಳಿಯುತ್ತದೆ. ಲೇಔಟಿನಲ್ಲೂ ಅದಕ್ಕಿಂತ ಕಡಿದು ಮಾಡಿದರೆ ಇಂಜಿನ್ ಏದುಸಿರು ಬಿಡುತ್ತದೆ. ಒಂದು ಹಳಿಯ ಮೇಲೆ ಇನ್ನೊಂದು ಹಳಿ ದಾಟಬೇಕೆಂದರೆ ನಡುವೆ ಮೂರು ಇಂಚು ಬೇಕು. ಆ ಮೂರು ಇಂಚು ಏರಲು ಹನ್ನೆರಡೂವರೆ ಅಡಿ ಹಳಿ! ಕಾಗದದ ಮೇಲೆ ಚಂದ ಕಾಣುವ ಸೇತುವೆಗಳೆಲ್ಲ ಬೀಳುವುದು ಇಲ್ಲೇ.

ಆದ್ದರಿಂದ ಇದು ಒಂಥರಾ ರಂಗಸಜ್ಜಿಕೆ. ಹತ್ತು ಮನೆ ತೋರಿಸಿ ಊರು ಅನ್ನಿಸುವುದು, ಗುಡ್ಡ ಅಡ್ಡ ಇಟ್ಟು ಹಳಿ ಎಲ್ಲಿ ಹೋಯಿತು ಅಂತ ಕಾಣದ ಹಾಗೆ ಮಾಡುವುದು. ಯಕ್ಷಗಾನಕ್ಕೆ ಚೌಕಿ ಹೇಗೋ ಲೇಔಟಿಗೂ ಒಂದು ಮರೆಯ ಜಾಗ ಇರುತ್ತದೆ, ಸ್ಟೇಜಿಂಗ್ ಅನ್ನುತ್ತಾರೆ. ಗುಡ್ಡದ ಹಿಂದೆ ಐದಾರು ರೈಲುಗಳು ವೇಷ ಕಟ್ಟಿಕೊಂಡು ಕಾಯುತ್ತಿರುತ್ತವೆ. ಸುರಂಗದಿಂದ ಒಂದು ಹೊರಗೆ ಬಂದರೆ ನೋಡುವವರಿಗೆ ಅದು ಎಲ್ಲಿಂದಲೋ ದೂರದಿಂದ ಬಂತು ಅನ್ನಿಸುತ್ತದೆ.

ಕೈಕೆಲಸದ ಒಂದು ರುಚಿ ಹೇಳುತ್ತೇನೆ, ಹಳಿಗೆ ಜಲ್ಲಿ ಹಾಕುವುದು. ಸಾಸಿವೆಗಿಂತ ಸಣ್ಣ ಕಲ್ಲುಪುಡಿಯನ್ನು ಚಮಚದಲ್ಲಿ ಹಳಿಗಳ ನಡುವೆ ಸುರಿದು, ಮೆತ್ತನೆ ಬ್ರಷ್ಷಿನಲ್ಲಿ ಸ್ಲೀಪರ್‌ಗಳ ಮೇಲಿನದೆಲ್ಲ ಕೆಳಗಿಳಿಸಬೇಕು. ನೇರವಾಗಿ ಅಂಟು ಹಾಕಿದರೆ ಅದು ಉಂಡೆಯಾಗಿ ಮೇಲೇ ನಿಲ್ಲುತ್ತದೆ, ಕಲ್ಲುಗಳೂ ತೇಲುತ್ತವೆ. ಅದಕ್ಕೆ ಮೊದಲು ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರನ್ನು ಮಂಜಿನ ಹಾಗೆ ಸಿಂಪಡಿಸುವುದು. ಸೋಪಿನಿಂದ ನೀರಿನ ಬಿಗಿ ಸಡಿಲಾಗಿ ಸಂದಿಗೆಲ್ಲ ಇಳಿಯುತ್ತದೆ. ಆಮೇಲೆ ನೀರು ಬೆರೆಸಿದ ಬಿಳಿ ಅಂಟನ್ನು ಕಿವಿಗೆ ಔಷಧಿ ಬಿಡುವ ಡ್ರಾಪರಿನಲ್ಲಿ ಹನಿ ಹನಿಯಾಗಿ ಬಿಟ್ಟರೆ ಜಲ್ಲಿ ಅದನ್ನು ಹೀರಿಕೊಳ್ಳುತ್ತದೆ, ಅಲುಗುವುದಿಲ್ಲ. ಒಂದು ದಿನ ಬಿಟ್ಟು ಬೆರಳಲ್ಲಿ ತಟ್ಟಿದರೆ ಕಲ್ಲಿನ ಹಾಗೆ ಗಟ್ಟಿ. ಒಂದು ಗಂಟೆಯಲ್ಲಿ ಮೂರಡಿ ಆದರೆ ನಾನು ಖುಷಿ.

ಕಟ್ಟಿದ ಮೇಲೆ ಸುತ್ತುಸುತ್ತು ಓಡಿಸುವುದಷ್ಟೇ ಅಲ್ಲ. ಎಷ್ಟೋ ಜನ ಅದನ್ನು ನಿಜವಾದ ರೈಲ್ವೆಯಂತೆ ನಡೆಸುತ್ತಾರೆ. ಪ್ರತಿ ಡಬ್ಬಿಗೂ ಒಂದು ಚೀಟಿ, ಇದು ಕಲ್ಲಿದ್ದಲು, ಈ ಕಾರ್ಖಾನೆಗೆ ಹೋಗಬೇಕು ಅಂತ. ನಾಲ್ಕು ಪಟ್ಟು ಜೋರಾಗಿ ಓಡುವ ಗಡಿಯಾರ, ವೇಳಾಪಟ್ಟಿ, ಒಬ್ಬರು ಕಂಟ್ರೋಲರು, ನಾಲ್ವರು ಡ್ರೈವರು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಆ್ಯಲನ್ ಇದರಲ್ಲಿ ದೊಡ್ಡ ಹೆಸರು. ಅವರು ಡಬ್ಬಿಗಳನ್ನು ಆಚೀಚೆ ಸರಿಸಿ ಜಾಗಕ್ಕೆ ಸೇರಿಸುವ ‘ಟೈಮ್‌ಸೇವರ್’ ಅನ್ನುವ ಒಗಟಿನ ಆಟವನ್ನೂ ಮಾಡಿದರು. ಮುಗಿಲು ಮುಟ್ಟುವ ಗುಡ್ಡಗಳ ಅವರ ಲೇಔಟಿನಲ್ಲಿ ಶಂಟಿಂಗ್ ಇಂಜಿನ್ನಿನ ಬದಲು ಡಬ್ಬಿ ಎಳೆಯಲು ಒಂದು ಡೈನೋಸಾರ್ ಇತ್ತು, ಹೆಸರು ಎಮ್ಮಾ. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಲೇಔಟೂ ಹೋಯಿತು. ಈಗ ಉಳಿದಿರುವುದು ಅವರೇ ತೆಗೆದ ಫೋಟೋಗಳು.

ದೊಡ್ಡದು ನೋಡಬೇಕೆಂದರೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮಿನಿಯಾಟೂರ್ ವುಂಡರ್‌ಲ್ಯಾಂಡ್ ಇದೆ. ಬ್ರೌನ್ ಅನ್ನುವ ಅವಳಿ ಅಣ್ಣತಮ್ಮಂದಿರು 2001ರಲ್ಲಿ ಹಳೆಯ ಗೋದಾಮೊಂದರಲ್ಲಿ ತೆರೆದದ್ದು. 16 ಕಿಲೋಮೀಟರ್‌ಗಿಂತ ಜಾಸ್ತಿ ಹಳಿ, ಅಂದರೆ ನಮ್ಮ ಎಚ್‌ಒ ಬೆಂಗಳೂರು-ಮೈಸೂರು ಹತ್ತು ಸಲ! ಕಾಲು ಗಂಟೆಗೊಮ್ಮೆ ಅಲ್ಲಿ ಕತ್ತಲಾಗಿ ಊರಿನ ದೀಪಗಳೆಲ್ಲ ಹತ್ತುತ್ತವೆ. ವಿಮಾನ ನಿಲ್ದಾಣವೂ ಇದೆ, ವಿಮಾನ ಓಡಿ ಮೇಲೇರುತ್ತದೆ.

ಕೂಡಿಡುವವರು

ಕೆಲವರು ಲೇಔಟ್ ಕಟ್ಟುವುದೇ ಇಲ್ಲ, ಕೊಂಡು ಕಪಾಟಿನಲ್ಲಿ ಇಡುತ್ತಾರೆ. ಇವರಿಗೂ ಅಮೆರಿಕದಲ್ಲಿ 1954ರಿಂದ ಟಿಸಿಎ ಅನ್ನುವ ಸಂಘವಿದೆ. ಪೆನ್ಸಿಲ್ವೇನಿಯಾದ ಯಾರ್ಕ್ ಊರಿನಲ್ಲಿ ವರ್ಷಕ್ಕೆ ಎರಡು ಸಲ ದೊಡ್ಡ ಸಂತೆ ಸೇರುತ್ತದೆ. ಲಯನೆಲ್‌ ಮಾಲನ್ನು ಇವರು ಕಾಲದ ಮೇಲೆ ವಿಂಗಡಿಸುತ್ತಾರೆ. 1942ರಲ್ಲಿ ಯುದ್ಧಕ್ಕಾಗಿ ರೈಲು ಮಾಡುವುದು ನಿಂತಿತು, ಅಲ್ಲಿಯವರೆಗಿನದು ಯುದ್ಧಪೂರ್ವ. 1945ರಿಂದ 1969ರವರೆಗಿನದು ಯುದ್ಧೋತ್ತರ. ಆಮೇಲಿನದೆಲ್ಲ ಹೊಸದು. ಮಾಲಿನ ಸ್ಥಿತಿಗೆ 1ರಿಂದ 10ರವರೆಗೆ ಅಂಕ, 10 ಅಂದರೆ ಅಂಗಡಿಯಿಂದ ಈಗ ತಂದಂತೆ. ರಟ್ಟಿನ ಮೂಲ ಪೆಟ್ಟಿಗೆ ಇದ್ದರೆ ಬೆಲೆ ಏರುತ್ತದೆ, ಕೆಲವು ಸಲ ಪೆಟ್ಟಿಗೆಗೇ ಒಳಗಿನ ಡಬ್ಬಿಗಿಂತ ಜಾಸ್ತಿ ಬೆಲೆ.

ಬೆಲೆ ಹುಟ್ಟುವುದು ಹೇಗೆ ಅನ್ನುವುದಕ್ಕೆ ಒಂದು ಚಂದದ ಕಥೆ ಇದೆ. 1957ರಲ್ಲಿ ಲಯನೆಲ್ ಹುಡುಗಿಯರಿಗಾಗಿ ಅಂತ ಗುಲಾಬಿ ಬಣ್ಣದ ಸ್ಟೀಮ್ ಇಂಜಿನ್ ತಂದಿತು, ಹಿಂದೆ ತಿಳಿ ನೀಲಿ, ತಿಳಿ ಹಳದಿ ಡಬ್ಬಿಗಳು. ಯಾರೂ ಕೊಳ್ಳಲಿಲ್ಲ. ರೈಲು ಇಷ್ಟಪಡುವ ಹುಡುಗಿಯರಿಗೂ ನಿಜವಾದ ರೈಲಿನ ಹಾಗೆ ಕಪ್ಪಗಿರುವುದೇ ಬೇಕಿತ್ತು! ಅಂಗಡಿಗಳಲ್ಲಿ ಕೊಳೆತ ಆ ಸೆಟ್ಟು ಈಗ ಸಿಗುವುದೇ ಅಪರೂಪ, ಹಾಗಾಗಿ ದುಬಾರಿ. ದುಬಾರಿ ಆದ ಮೇಲೆ ನಕಲಿಯೂ ಬರುತ್ತದೆ, ಸಾಮಾನ್ಯ ಇಂಜಿನ್ನಿಗೆ ಗುಲಾಬಿ ಬಣ್ಣ ಬಳಿದು ಮಾರುವುದು. ಅದಕ್ಕೇ ಗೊತ್ತಿರುವವರು ಇಂಜಿನ್ನನ್ನು ತಿರುಗಿಸಿ ಒಳಗಿನ ಬಣ್ಣ, ಸ್ಕ್ರೂವಿನ ತಲೆ ನೋಡುತ್ತಾರೆ.

ಇಂದಿನ ಎಚ್‌ಒ ಲೋಕದಲ್ಲಿ ಬೇರೆ ಕಾರಣ. ಕಂಪನಿಗಳು ಇಂಥ ಇಂಜಿನ್ ಮಾಡುತ್ತೇವೆ ಅಂತ ಮೊದಲೇ ಹೇಳಿ, ಆರ್ಡರ್ ತೆಗೆದುಕೊಂಡು, ಹೆಚ್ಚಾಗಿ ಚೀನಾದಲ್ಲಿ ಒಂದು ಕಂತು ಮಾತ್ರ ಮಾಡಿಸುತ್ತವೆ. ಮುಗಿದರೆ ಮುಗಿಯಿತು, ಮತ್ತೆ ವರ್ಷಗಟ್ಟಲೆ ಇಲ್ಲ. ಶಬ್ದ ಮಾಡುವ ಒಂದು ಒಳ್ಳೆ ಇಂಜಿನ್ನಿಗೆ ಮುನ್ನೂರು ಡಾಲರ್ ಸುಲಭವಾಗಿ ಆಗುತ್ತದೆ. ಈಗ ಬಿಟ್ಟರೆ ಸಿಗಲ್ಲ ಅನ್ನುವ ಭಯದಲ್ಲೇ ಅರ್ಧ ಕಪಾಟು ತುಂಬುತ್ತದೆ.

ಇದನ್ನು ಚಿನ್ನದ ಥರ ಹೂಡಿಕೆ ಅಂದುಕೊಂಡು ಕೊಳ್ಳಬೇಡಿ. 50ರ ದಶಕದಲ್ಲಿ ಹುಡುಗರಾಗಿದ್ದವರು ದೊಡ್ಡವರಾದ ಮೇಲೆ ಬಾಲ್ಯದ ರೈಲನ್ನು ಹುಡುಕಿಕೊಂಡು ಬಂದರು, ಬೆಲೆ ಏರಿತು. ಈಗ ಅದೇ ತಲೆಮಾರಿನ ಸಂಗ್ರಹಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ, ಕೊಳ್ಳುವವರು ಕಡಿಮೆ. ನಿಜಕ್ಕೂ ಅಪರೂಪದವು ಬಿಟ್ಟರೆ ಸಾಮಾನ್ಯ ಮಾಲಿನ ಬೆಲೆ ಇಳಿದಿದೆ. ಮಗುವಿಗೆ ಒಂದು ಹಳೆಯ ರೈಲು ಕೊಡಿಸುವವರಿಗೆ ಇದು ಒಳ್ಳೆ ಕಾಲವೇ.

ನಮ್ಮ ರೈಲುಗಳು ಸಿಗುತ್ತವಾ?

ಎಲ್ಲ ಕನ್ನಡಿಗರೂ ಕೊನೆಗೆ ಕೇಳುವ ಪ್ರಶ್ನೆ ಇದು. ಅಮೆರಿಕ, ಜರ್ಮನಿ, ಜಪಾನಿನ ರೈಲುಗಳ ಹಾಗೆ ಭಾರತದ ರೈಲುಗಳು ಅಂಗಡಿಗಳಲ್ಲಿ ರಾಶಿ ಬಿದ್ದಿರುವುದಿಲ್ಲ. ಎಷ್ಟೋ ಜನ ಕೈಯಾರೆ ಮಾಡಿಕೊಳ್ಳುತ್ತಾರೆ, ಈಗ ತ್ರೀಡಿ ಪ್ರಿಂಟರ್ ಬಂದ ಮೇಲೆ ಇನ್ನೂ ಜಾಸ್ತಿ.

ಒಂದು ತಮಾಷೆಯ ತೊಡಕಿದೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ಚಿಲ್ಲರೆ. ಅಷ್ಟು ಅಗಲದ ಹಳಿ ಅಂಗಡಿಯಲ್ಲಿ ಸಿಗದು, ಹಾಗಾಗಿ 16.5ರ ಎಚ್‌ಒ ಹಳಿಯ ಮೇಲೇ ಓಡಿಸುತ್ತಾರೆ. ಹಳಿ ಸ್ವಲ್ಪ ಕಿರಿದಾಗಿ ಕಾಣುತ್ತದೆ, ಹೆಚ್ಚಿನವರು ಕಂಡೂ ಕಾಣದ ಹಾಗೆ ಇರುತ್ತಾರೆ. ಎಚ್‌ಒ ಹಳಿಗೆ ಲೆಕ್ಕ ತಪ್ಪದೆ ಕೂರುವ ರೈಲು ಒಂದು ಬೆಂಗಳೂರಿನಲ್ಲೇ ಇದೆ, ನಮ್ಮ ಮೆಟ್ರೋ. ಅದರ ಹಳಿ 1435.

ನೋಡಲು ಹೋಗಬೇಕೆಂದರೆ ಪುಣೆಯ ಕೋಥ್ರೂಡಿನಲ್ಲಿ ಜೋಶಿಯವರ ಪುಟಾಣಿ ರೈಲಿನ ಮ್ಯೂಸಿಯಂ ಇದೆ. ಪೂರ್ತಿ ಓಡುವ ಎಚ್‌ಒ ಲೇಔಟ್, ದೀಪ ಆರಿಸಿ ರಾತ್ರಿಯನ್ನೂ ತೋರಿಸುತ್ತಾರೆ. ಬೆಂಗಳೂರು, ಹುಬ್ಬಳ್ಳಿಯವರಿಗೆ ಒಂದು ರಾತ್ರಿಯ ಪ್ರಯಾಣ. ಮಾಡೆಲ್ ಕಟ್ಟುವವರಿಗೆ ಮೈಸೂರಿನ ರೈಲ್ವೆ ಮ್ಯೂಸಿಯಂ ಬೇರೆ ಥರ ಉಪಯೋಗ, ಅಲ್ಲಿ ನಿಜವಾದ ಬೋಗಿ, ಇಂಜಿನ್‌ಗಳ ಹತ್ತಿರವೇ ನಿಂತು ಅಳತೆ ತೆಗೆಯಬಹುದು. ಹೋದ ಬೇಸಿಗೆಯಲ್ಲಿ ನಮ್ಮ ಮಗ ಅಲ್ಲಿ ಅಜ್ಜಿಯ ಹೊಲಿಗೆ ಟೇಪನ್ನೇ ಹಿಡಿದು ಒಂದು ಬೋಗಿಯ ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲ ಅಳೆದ. ಪ್ರತಿಯೊಂದನ್ನೂ 87ರಿಂದ ಭಾಗಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅರ್ಧ ಗಂಟೆ ಬೆಂಚಿನ ಮೇಲೆ ಕೂತು ನೋಡಿದ ಅಜ್ಜಿಗೆ ಕೊನೆಗೆ ತಡೆಯಲಾಗಲಿಲ್ಲ. “ಏನೋ ಇದು ಪುಟ್ಟ, ರೈಲಿಗೆ ಅಂಗಿ ಹೊಲಿಸ್ತೀಯೇನೋ?”